ಖೂಪ್ ಹುಷಾರ್

ಬೊರಿವಲಿ, ಮುಂಬಯಿ
4 ಮೇ 2025

ಅಕ್ಕಾವರಿಗೆ ನಿಮ್ಮ ತಮ್ಮನ ಹೆಂಡತಿ ವೈಶಾಲಿಯ ನಮಸ್ಕಾರ.

ನಿನ್ನೆ ಫೋನಿನಲ್ಲಿ "ಶ್ರಾವ್ಯಾ ಆಯ್ಕೆ ಆಗ್ಯಾಳ್ರಿ" ಅಂತ ನಾನು ಮೂರು ಸಲ ಒದರಿದೆ. ನೀವು "ಯಾರು ಹೋಗ್ಯಾರ? ಯಾವಾಗ ಹೋದ್ರು?" ಅಂತ ಅಳುವ ದನಿ ತೆಗೆದಿರಿ. ಪಕ್ಕದ ಮನೆಯವರು ಬಾಗಿಲು ತೆರೆದು ಏನಾಯಿತೆಂದು ನೋಡಿದರು. ಕಿವಿಗೆ ಮಷಿನ್ ಹಾಕಿಸಿಕೊಳ್ಳಿ ಅಂದರೆ ಮುಖ್ಯೋಪಾಧ್ಯಾಯಿನಿಗೆ ಅದು ಒಪ್ಪುವುದಿಲ್ಲ ಅನ್ನುತ್ತೀರಿ. ವಾಟ್ಸ್ಯಾಪಿನಲ್ಲಿ ಬರೆದರೆ ತೆರೆದೂ ನೋಡುವುದಿಲ್ಲ. ಹಾಗಾಗಿ ಸ್ಪೀಡ್ ಪೋಸ್ಟೇ ಗತಿ.

ಯಾರೂ ಹೋಗಿಲ್ಲ. ಎಲ್ಲರೂ ಇದ್ದಾರೆ. ವಿಷಯ ಇಷ್ಟು. ಬಾಂದ್ರಾದಲ್ಲಿ ಒಂದು ಟ್ರಸ್ಟಿನವರು ತುಂಬ ಜಾಣ ಮಕ್ಕಳಿಗೆಂದೇ ಒಂದು ಶಾಲೆ ನಡೆಸುತ್ತಾರೆ. ಗಿಫ್ಟೆಡ್ ಪ್ರೋಗ್ರಾಮ್ ಅಂತ ಅದಕ್ಕೆ ಹೆಸರು. ನಮ್ಮ ಶ್ರಾವ್ಯಾ ಓದುವ ಕನ್ನಡ ಶಾಲೆಯ ವಿಜೇತಾ ಟೀಚರ್ ತಾವೇ ಫಾರ್ಮ್ ತುಂಬಿ ಅವಳನ್ನು ಪರೀಕ್ಷೆಗೆ ಕೂರಿಸಿದರು. ಸಾವಿರದ ನಾನೂರು ಮಕ್ಕಳು ಬರೆದಿದ್ದರಂತೆ. ತೆಗೆದುಕೊಂಡದ್ದು ಇಪ್ಪತ್ತನಾಲ್ಕು. ಅದರಲ್ಲಿ ಇವಳೊಬ್ಬಳು.

ಕೊನೆಯ ಸುತ್ತಿನಲ್ಲಿ ಎದುರಿಗೆ ಕೂರಿಸಿಕೊಂಡು ಕೇಳಿದರಂತೆ, ಬೊರಿವಲಿಯಿಂದ ಹೊರಟ ಸ್ಲೋ ಲೋಕಲನ್ನು ಹಿಂದಿನಿಂದ ಬಂದ ಫಾಸ್ಟ್ ಲೋಕಲ್ ಪೂರ್ತಿ ದಾಟಲು ಎಷ್ಟು ಹೊತ್ತು ಬೇಕು ಅಂತ. ಇವಳು, "ಹನ್ನೆರಡು ಡಬ್ಬಿದೋ ಹದಿನೈದು ಡಬ್ಬಿದೋ ಅಂತ ಹೇಳಿಲ್ಲಲ್ಲ, ಹೆಂಗ ಮಾಡೂದು?" ಅಂತ ತಿರುಗಿ ಕೇಳಿದಳಂತೆ. ಅಲ್ಲಿದ್ದ ಟೀಚರ್ ಬಾಯಿ ನನ್ನನ್ನು ಒಳಗೆ ಕರೆದು, "ತುಮಚಿ ಮುಲಗಿ ಖೂಪ್ ಹುಷಾರ್ ಆಹೆ" ಅಂದರು. ನಿಮ್ಮ ಮಗಳು ಬಹಳ ಜಾಣೆ ಅಂತ. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಫೀಸ್ ಇಲ್ಲ. ಆದರೆ ಇದು ಭಾನುವಾರದ ಕ್ಲಾಸಲ್ಲ, ಪೂರ್ತಿ ಶಾಲೆ. ಐದನೆಯ ಇಯತ್ತೆಗೆ ಇಲ್ಲಿಯ ಶಾಲೆ ಬಿಟ್ಟು ಅಲ್ಲಿಗೆ ಸೇರಬೇಕು. ಮೊದಲ ಆರು ವಾರ ಪರೀಕ್ಷಾರ್ಥ. ಆಗಸ್ಟ್ ಹದಿನಾಲ್ಕರೊಳಗೆ ಎಲ್.ಸಿ., ಅಂದರೆ ನಿಮ್ಮ ಕಡೆಯ ಟಿ.ಸಿ., ತಂದು ಕೊಟ್ಟರೆ ಅವಳ ಜಾಗ ಗಟ್ಟಿ. ಕೊಟ್ಟಮೇಲೆ ಹಿಂದಕ್ಕೆ ಬರುವ ಹಾಗಿಲ್ಲ. ಹತ್ತು ವರ್ಷ ದಾಟಿದವರನ್ನು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಮುಂದಿನ ವರ್ಷ ನೋಡೋಣ ಅನ್ನುವ ಮಾತೂ ಇಲ್ಲ.

ಇವರಿಗೆ ಹೇಳಿದರೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಫಾರ್ಮ್ ಕೈಯಲ್ಲಿ ಹಿಡಿದು ನೋಡಿದರು, "ಅಕ್ಕನ್ನ ಕೇಳು" ಅಂದರು, ಸ್ನಾನಕ್ಕೆ ಹೋದರು. ಒಂದು ವಾರದಿಂದ ಇದೊಂದೇ ಮಾತು. ಮಗಳು ಇವರದು, ಸಹಿ ಇವರದು, ಕೇಳಬೇಕಾದದ್ದು ಮಾತ್ರ ಇಂಡಿಯಲ್ಲಿರುವ ಅಕ್ಕನನ್ನು. ಇರಲಿ, ಕೇಳುತ್ತಿದ್ದೇನೆ. ಮೇ ಮೂವತ್ತೊಂದರೊಳಗೆ ನಾವು ಒಪ್ಪಿಗೆ ಕೊಡಬೇಕು. ಹೂಂ ಅಂತ ಎರಡು ಸಾಲು ಬರೆದುಬಿಡಿ.

ನಿಮ್ಮ
ವೈಶಾಲಿ


ಇಂಡಿ
12 ಮೇ 2025

ವೈಶಾಲಿಗೆ ದಾನೇಶ್ವರಿಯ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಮಗು ಜಾಣೆಯೆಂಬುದನ್ನು ತಿಳಿಯಲು ನನಗೆ ಬಾಂದ್ರಾದ ಬಾಯಿಯ ಸರ್ಟಿಫಿಕೇಟು ಬೇಕಾಗಿರಲಿಲ್ಲ.

ಎರಡು ಸಾಲಿನಲ್ಲಿ ಹೂಂ ಎನ್ನುವ ವಿಷಯ ಇದಲ್ಲ. ಮೊದಲು ಲೋಕಲ್ಲಿನ ಗರ್ದಿಯನ್ನು ಯೋಚಿಸು. ದೊಡ್ಡವರೇ ಇಳಿಯಬೇಕಾದ ಸ್ಟೇಷನ್ನಿನಲ್ಲಿ ಇಳಿಯಲಾರದೆ ಮುಂದೆ ಹೋಗುವ ಊರು ಅದು. ಎರಡನೆಯದಾಗಿ, ನಾಲ್ಕು ವರ್ಷ ಕನ್ನಡದಲ್ಲಿ ಕಲಿತ ಮಗು ಒಂದೇ ಬೇಸಿಗೆಯ ರಜೆಯಲ್ಲಿ ಇಂಗ್ಲಿಷಿಗೆ ಹೊರಳಬೇಕು. ಇನ್ನು, ಇಪ್ಪತ್ತನಾಲ್ಕು ಜಾಣರನ್ನು ಒಂದು ಕೋಣೆಯಲ್ಲಿ ಹಾಕಿದರೆ ಯಾರೂ ಕಲಿಯುವುದಿಲ್ಲ, ಒಬ್ಬರ ಪಾಟಿ ಒಬ್ಬರು ನೋಡುತ್ತ ಕೂರುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ನನಗೆ ಗೊತ್ತಿದೆ. ಊಟದ ವಿಷಯವನ್ನು ನೀನು ಬರೆದೇ ಇಲ್ಲ. ಅಲ್ಲಿ ಏನು ತಿನ್ನಿಸುತ್ತಾರೆ, ನೀರು ಎಲ್ಲಿಯದು, ಕೇಳಿದ್ದೀಯಾ?

ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆಸೆ ನಿನ್ನದು, ಹೋಗುವವಳು ಅವಳು.

ಶಿವಪುತ್ರ "ಅಕ್ಕನ್ನ ಕೇಳು" ಎನ್ನುವುದರ ಹೊರತು ಬೇರೆ ಏನಾದರೂ ಹೇಳಿದನೇ? ಯಾವ ಮುಖ ಮಾಡಿ ಹೇಳಿದ? ತಪ್ಪದೆ ಬರೆ.

ಇನ್ನೊಂದು ಮಾತು. ಹುಷಾರ್ ಎಂಬ ಆ ಶಬ್ದವನ್ನು ದಯವಿಟ್ಟು ಮತ್ತೆ ನನಗೆ ಬರೆಯಬೇಡ. ಜಾಣೆ ಎಂದರೆ ಸಾಕು, ಅದಕ್ಕೆ ಕನ್ನಡದಲ್ಲಿ ಮಾತಿದೆ.

ಇತಿ
ದಾನೇಶ್ವರಿ


ಬೊರಿವಲಿ
19 ಮೇ 2025

ಅಕ್ಕಾವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಗರ್ದಿ ಅಂದಿರಿ. ನಾನು ಕೆಲಸ ಮಾಡುವ ಹಲ್ಲಿನ ದವಾಖಾನೆ ಬಾಂದ್ರಾದಲ್ಲೇ ಇದೆ, ಒಂಬತ್ತು ವರ್ಷದಿಂದ ಅದೇ ದಾರಿಯಲ್ಲಿ ಹೋಗಿ ಬರುತ್ತಿದ್ದೇನೆ ಅನ್ನುವುದು ನಿಮಗೆ ಮರೆತಿದೆ. ಬೊರಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದರೆ ಕೂರಲು ಸೀಟೂ ಸಿಗುತ್ತದೆ. ಹೋಗುವಾಗಲೂ ಬರುವಾಗಲೂ ಅವಳು ನನ್ನ ಪಕ್ಕದಲ್ಲೇ ಇರುತ್ತಾಳೆ. ಇಂಗ್ಲಿಷ್ ಅಂದಿರಿ. ಅವಳು ಈಗಾಗಲೇ ಕೆಳಗಿನ ಮಕ್ಕಳೊಂದಿಗೆ ಹಿಂದಿ, ಅಂಗಡಿಯಲ್ಲಿ ಮರಾಠಿ, ಮೊಬೈಲ್ ಜೊತೆ ಇಂಗ್ಲಿಷ್ ಮಾತಾಡುತ್ತಾಳೆ. ಕನ್ನಡವೇ ಸ್ವಲ್ಪ ತಡವರಿಸುವುದು. ಊಟ ನಾನೇ ಕಟ್ಟಿ ಕೊಡುತ್ತೇನೆ. ನೀರು ಫಿಲ್ಟರಿನದು, ಹೋಗಿ ಕುಡಿದು ನೋಡಿ ಬಂದೆ. ಇನ್ನೇನಾದರೂ ಉಳಿದಿದೆಯೇ?

ಅವಳ ಈಗಿನ ಶಾಲೆ ಹೇಗಿದೆ ಅಂತ ನಿಮಗೆ ಗೊತ್ತಿಲ್ಲ. ಎಲ್ಲಾ ಇಯತ್ತೆ ಸೇರಿ ಹತ್ತೊಂಬತ್ತು ಮಕ್ಕಳು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಂದೇ ಕೋಣೆ. ವಿಜೇತಾ ಟೀಚರ್ ಒಳ್ಳೆಯವರು, ಅವರೇ ನನಗೆ, "ಇಕೀಗೆ ಕೊಡಾಕ ನನ್ನ ಹತ್ರ ಏನೂ ಉಳಿದಿಲ್ರಿ, ಕರಕೊಂಡು ಹೋಗ್ರಿ" ಅಂದರು. ಒಬ್ಬ ಟೀಚರ್ ಹಾಗೆ ಹೇಳಬಲ್ಲರು. ಇನ್ನೊಬ್ಬರು ಊಟ, ನೀರು ಅನ್ನುತ್ತಾರೆ.

ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಇಷ್ಟು ವರ್ಷದಲ್ಲಿ ನಿಮ್ಮ ಶಾಲೆಯಿಂದ ಒಂದು ಮಗುವನ್ನೂ ಇಂಥ ಆಯ್ಕೆ ಪರೀಕ್ಷೆಗೆ ನೀವು ಕಳಿಸಿಲ್ಲವಂತೆ. ನಮ್ಮ ಮದುವೆಯಲ್ಲೇ ಯಾರೋ ಹೇಳಿದ್ದರು. ಆಗ ನಾನು ನಂಬಿರಲಿಲ್ಲ. ನಿಮ್ಮ ಕೈ ದಾಟಿ ಯಾರೂ ಮುಂದೆ ಹೋಗಬಾರದೇ?

ನನ್ನನ್ನು ಬೆಳಗಾವಿಯಲ್ಲಿ ಪಿಯುಸಿ ಮುಗಿಯುತ್ತಲೇ ಬಿಡಿಸಿದರು. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಪ್ರೀತಿಯಿಂದಲೇ "ಸಾಕ ಬಿಡು" ಅಂದರು. ನಿಮ್ಮ ಪತ್ರದಲ್ಲಿ ನನಗೆ ಕೇಳಿಸಿದ್ದು ಅದೇ ಮಾತು.

ಇವರ ಮುಖ ಕೇಳಿದ್ದೀರಿ. ಮುಖ ಎಲ್ಲಿ ತೋರಿಸುತ್ತಾರೆ? ಜೋಗೇಶ್ವರಿಯ ಯೂನಿಟ್ಟಿನಿಂದ ಬಂದವರು ಲೇಥ್ ಮಷಿನ್ನಿನ ಎಣ್ಣೆ ತೊಳೆದುಕೊಂಡು ಟಿ.ವಿ. ಕಡೆ ತಿರುಗಿ ಕೂರುತ್ತಾರೆ. ನಿನ್ನೆ "ನಿಮ್ಮ ಮನಸಿನ್ಯಾಗ ಏನೈತಿ ಅದರೆ ಹೇಳ್ರಿ" ಅಂತ ಟಿ.ವಿ. ಬಂದ್ ಮಾಡಿದೆ. "ನನ್ನ ಮನಸಿನ್ಯಾಗ ಏನಿಲ್ಲ. ಆಕಿ ಸಣ್ಣಾಕಿ ಅದಾಳ" ಅಂದರು, ಮತ್ತೆ ಟಿ.ವಿ. ಹಚ್ಚಿದರು. ನಿಮ್ಮ ಮನೆತನಕ್ಕೆ ಬಾಯಿ ಕೊಟ್ಟವನು ಕೀಲಿಯನ್ನು ತಾನೇ ಇಟ್ಟುಕೊಂಡಿರಬೇಕು.

ನಿಮ್ಮ
ವೈಶಾಲಿ


ಇಂಡಿ
27 ಮೇ 2025

ವೈಶಾಲಿಗೆ ಆಶೀರ್ವಾದ.

ನೀನು ಹಿರಿಯಳಿಗೆ ಬರೆಯುತ್ತಿದ್ದೀಯೆಂಬುದನ್ನು ಮರೆತು ಬರೆದಿದ್ದೀ. ನಾನೂ ಮರೆತುಬಿಡುತ್ತೇನೆ.

ಬಹಳ ಓದಿಸಿದರೆ ಸಣ್ಣ ಮಕ್ಕಳ ಆರೋಗ್ಯ ಕೆಡುತ್ತದೆ. ಕೆಟ್ಟದ್ದು ಬೇಗ ತಿಳಿಯುವುದೂ ಇಲ್ಲ. ಮಗುವಿನ ಕಣ್ಣಿನ ಮೇಲೆ ಲಕ್ಷ್ಯವಿರಲಿ.

ಆ ಕನ್ನಡ ಶಾಲೆ ಅಷ್ಟು ಬಡಕಲಾಗಿದ್ದರೆ ಶ್ರಾವ್ಯಾಳನ್ನು ಇಲ್ಲಿಗೆ ಕಳಿಸು. ನನ್ನ ಮನೆಯಲ್ಲಿ ಇರಲಿ, ನನ್ನ ಶಾಲೆಗೇ ಬರಲಿ. ನಾನು ಒಂಟಿಯಾಗಿಯೇ ಇದ್ದೇನೆ, ಯಾರಿಗೂ ಭಾರವಲ್ಲ. ಆ ಬಾಂದ್ರಾದವರಿಗೆ ಮಾತ್ರ ಬೇಡವೆಂದು ಹೇಳು. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ಇತಿ
ದಾನೇಶ್ವರಿ


ಇಂಡಿ
15 ಜೂನ್ 2025

ವೈಶಾಲಿಗೆ ಆಶೀರ್ವಾದ.

ಹತ್ತೊಂಬತ್ತು ದಿನವಾಯಿತು, ನಿನ್ನಿಂದ ಪತ್ರವಿಲ್ಲ. ಶಿವಪುತ್ರನಿಗೆ ಫೋನ್ ಮಾಡಿದೆ. ಅವನು ಏನೋ ಅಂದ, ನನಗೆ ಕೇಳಿಸಲಿಲ್ಲ. ಮತ್ತೆ ಕೇಳಿದೆ, ಇಟ್ಟುಬಿಟ್ಟ. ನಿಮ್ಮ ಕಡೆ ಶಾಲೆಗಳು ನಾಳೆ ಶುರುವಾಗುತ್ತವೆಂದು ಪತ್ರಿಕೆಯಲ್ಲಿ ನೋಡಿದೆ. ಶ್ರಾವ್ಯಾ ಯಾವ ಶಾಲೆಗೆ ಹೋಗುತ್ತಾಳೆಂದು ಒಂದು ಸಾಲು ಬರೆ. ಜಗಳವನ್ನು ಆಮೇಲೆ ಬೇಕಾದರೆ ಮುಂದುವರಿಸೋಣ.

ಇತಿ
ದಾನೇಶ್ವರಿ


ಬೊರಿವಲಿ
6 ಜುಲೈ 2025

ಅಕ್ಕಾವರಿಗೆ ನಮಸ್ಕಾರ.

ಬೇಕೆಂದೇ ಬರೆಯಲಿಲ್ಲ. ಬರೆದರೆ ಸುಳ್ಳು ಬರೆಯಬೇಕಾಗುತ್ತಿತ್ತು.

ಮೇ ಮೂವತ್ತರಂದು ಒಪ್ಪಿಗೆಯ ಫಾರ್ಮಿಗೆ ನಾನೇ ಸಹಿ ಮಾಡಿ ಕೊಟ್ಟು ಬಂದೆ. ತಾಯಿಯ ಸಹಿಯೂ ನಡೆಯುತ್ತದೆ ಅಂದರು. ಜೂನ್ ಹದಿನಾರರಿಂದ ಶ್ರಾವ್ಯಾ ಬಾಂದ್ರಾಕ್ಕೆ ಹೋಗುತ್ತಿದ್ದಾಳೆ. ಎಲ್.ಸಿ. ಮಾತ್ರ ಇನ್ನೂ ಹಳೆಯ ಶಾಲೆಯಲ್ಲೇ ಇದೆ. ನಿಮ್ಮನ್ನು ಕೇಳಿ ಕೇಳಿ ನನಗೆ ಸಾಕಾಯಿತು. ಅವಳನ್ನು ಇಂಡಿಗೆ ಕಳಿಸು ಅಂತ ಬರೆದಿರಲ್ಲ, ಅವತ್ತು ನನ್ನ ತಲೆ ಕೆಟ್ಟಿತು. ಮುಂಬಯಿಯಲ್ಲಿ ದೊರೆತ ಶಾಲೆಯನ್ನು ಬಿಡಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳುವ ಯೋಚನೆ ಇದ್ದದ್ದಕ್ಕೇ ಇಷ್ಟೆಲ್ಲ ನೆಪ ಅಂತ ಆಗ ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಇವರು ಜಗಳ ಆಡಿದ್ದರೆ ನನಗೆ ಸಮಾಧಾನ ಇರುತ್ತಿತ್ತು. ಆಡಲಿಲ್ಲ. "ಮಾಡಿದ್ಯಾ? ಆತು" ಅಂದರು. ಅವತ್ತಿನಿಂದ ಹೊಸ ಚಾಳಿ ಒಂದು ಶುರುವಾಗಿದೆ. ದಿನಾ ಸಂಜೆ ಅವಳು ಬಂದು ಚೀಲ ಇಡುವುದೇ ತಡ, ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ಎರಡೂ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಾರೆ. ಉಗುರು ನೋಡುತ್ತಾರೆ. "ಹಸಿವಿ ಆಗ್ತೈತೇನು? ವಾಂತಿ ಬರ್ತೈತೇನು?" ಅಂತ ಕೇಳುತ್ತಾರೆ. ಓದಿದರೆ ಆರೋಗ್ಯ ಕೆಡುತ್ತದೆ, ಕಣ್ಣಿನ ಮೇಲೆ ಲಕ್ಷ್ಯವಿರಲಿ ಅಂತ ನೀವು ಬರೆದದ್ದನ್ನು ಓದಿ ಹೇಳಿದ್ದೆ, ಅದರ ಫಲ. ಚಷ್ಮಾ ಬರುತ್ತದೋ ಅಂತ ಇವರಿಗೆ ಹೆದರಿಕೆ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ, ಏನೂ ಇಲ್ಲ ಅಂದರು. ಆದರೂ ಬಿಟ್ಟಿಲ್ಲ. ಹುಡುಗಿ ಈಗ ಮನೆಯೊಳಗೆ ಬಂದ ಕೂಡಲೇ ತಾನೇ ರೆಪ್ಪೆ ಎಳೆದುಕೊಂಡು ನಿಲ್ಲುತ್ತಾಳೆ. ನಿಮ್ಮ ಒಂದು ಸಾಲಿನಿಂದ ನನ್ನ ಮನೆ ದವಾಖಾನೆಯಾಗಿದೆ.

ಅವಳು ಹೇಗಿದ್ದಾಳೆ ಅಂತ ಕೇಳಿದರೆ, ನನಗೆ ಗೊತ್ತಿಲ್ಲ. ಮೊದಲು ಲೋಕಲ್ಲಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಈಗ ಕಿಟಕಿಯ ಹೊರಗೆ ನೋಡುತ್ತಾಳೆ. ನಾನು ಕೇಳಿದರೆ "ಚಲೋ ಐತಿ ಮಮ್ಮಿ" ಅನ್ನುತ್ತಾಳೆ. ಇವರು ಕೇಳಿದರೆ "ನೀ ಬ್ಯಾಡ ಅಂದ್ರ ಬಿಡ್ತೀನಪ್ಪಾ" ಅನ್ನುತ್ತಾಳೆ. ಯಾರಿಗೆ ಯಾವುದು ಬೇಕೋ ಅದನ್ನು ಕೊಡುವುದಕ್ಕೆ ಕಲಿತುಬಿಟ್ಟಿದ್ದಾಳೆ. ಇದನ್ನು ಅವಳಿಗೆ ಕಲಿಸಿದ್ದು ಬಾಂದ್ರಾದ ಶಾಲೆಯಲ್ಲ.

ನಿಮ್ಮ
ವೈಶಾಲಿ


ಇಂಡಿ
12 ಜುಲೈ 2025

ವೈಶಾಲಿಗೆ.

ಅವನು ನೋಡುತ್ತಿರುವುದು ಚಷ್ಮಾದ ನಂಬರನ್ನಲ್ಲ. ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತಿದ್ದಾನೆ.

ಈ ಪತ್ರವನ್ನು ನಾನು ಮೇ ತಿಂಗಳಲ್ಲೇ ಬರೆಯಬೇಕಾಗಿತ್ತು. ಅದರ ಬದಲು ಗರ್ದಿ, ಇಂಗ್ಲಿಷು, ನೀರು ಎಂದು ಬರೆದೆ. ಒಂದೊಂದಕ್ಕೂ ನೀನು ಉತ್ತರ ಕೊಟ್ಟಾಗ ನನಗೆ ನಾಚಿಕೆಯಾಗುತ್ತಿತ್ತು, ಅದಕ್ಕೇ ಇನ್ನಷ್ಟು ಗದರಿಸಿ ಬರೆಯುತ್ತಿದ್ದೆ.

ಅದು 1993. ಶಿವಪುತ್ರನಿಗೆ ಹತ್ತು, ನನಗೆ ಇಪ್ಪತ್ತೆರಡು. ಊರಿನ ಶಾಲೆಯಲ್ಲಿ ಅವನಂಥ ಹುಡುಗ ಇರಲಿಲ್ಲ. ಗಡಿಯ ಹಳ್ಳಿಗಳ ಜಾಣ ಹುಡುಗರಿಗಾಗಿ ಸೊಲ್ಲಾಪುರದ ಕಡೆ ಒಂದು ವಸತಿ ಶಾಲೆ ಇತ್ತು. ಪರೀಕ್ಷೆ ಕಟ್ಟಿಸಿದವಳು ನಾನು, ಬೇಡವೆಂದ ಅಪ್ಪನನ್ನು ಒಪ್ಪಿಸಿದವಳೂ ನಾನೇ. ನಮ್ಮ ಅಪ್ಪ ಮರೆಪ್ಪ, ಅವ್ವ ಲಕ್ಷ್ಮವ್ವ, ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದವನ್ನು ನಾನು ಓದಿ ಹೇಳಿದರೆ ಅದೇ ಅದರಲ್ಲಿ ಬರೆದದ್ದು.

ಎರಡು ತಿಂಗಳಿಗೆ ಅವನ ಮೊದಲ ಕಾರ್ಡು ಬಂತು. "ಅಕ್ಕಾ, ನನಗ ಆರಾಮ ಇಲ್ಲ. ಊಟ ಹೋಗವಲ್ದು. ಅಪ್ಪಾನ್ನ ಕಳಸು." ಮನೆ ನೆನಪಾಗಿ ನೆಪ ಹೇಳುತ್ತಿದ್ದಾನೆ ಎಂದುಕೊಂಡೆ. ಅವ್ವ ಜಗುಲಿಯ ಮೇಲೆ ಕೂತು "ಏನ ಬರದಾನ?" ಅಂದಳು. "ಆರಾಮ ಅದಾನಂತ, ಗಣಿತದಾಗ ಮೊದಲನೇ ನಂಬರ ಬಂದಾನಂತ" ಎಂದು ಓದಿದೆ. ಅವ್ವ ಆ ಕಾರ್ಡನ್ನು ಕೈಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ನನಗೂ ಸ್ವಲ್ಪ ಅಳುಕಿತ್ತು. ಅಲ್ಲಿಯ ಮಾಸ್ತರರಿಗೆ ಒಂದು ಕಾಗದ ಬರೆದೆ. ಊರಿನಲ್ಲಿ ನಾವು "ಆರಾಮ ಅದಾನೇನು" ಎಂದೇ ಕೇಳುತ್ತೇವೆ. ಹಾಗೆ ಬರೆದಿದ್ದರೆ ಆ ಮರಾಠಿ ಮಾಸ್ತರರಿಗೆ ತಿಳಿಯುತ್ತಿತ್ತು, ಅವರಲ್ಲೂ ಆ ಮಾತಿದೆ. ಆದರೆ ನಾನು ಆಗ ತಾನೇ ಟಿ.ಸಿ.ಎಚ್. ಮುಗಿಸಿದವಳು. ಪತ್ರವೆಂದರೆ ಪುಸ್ತಕದ ಕನ್ನಡದಲ್ಲಿ ಇರಬೇಕೆಂಬ ಜಂಬ. "ನಮ್ಮ ಹುಡುಗ ಹುಷಾರಾಗಿದ್ದಾನೆಯೇ?" ಎಂದು ಬರೆದೆ. ಅವರಿಗೆ ಕನ್ನಡ ಅಷ್ಟಿಷ್ಟು. ಆ ವಾಕ್ಯದಲ್ಲಿ ಗುರುತು ಹತ್ತಿದ್ದು ಒಂದೇ ಶಬ್ದವಿರಬೇಕು. ಮರುಟಪಾಲಿಗೆ ಉತ್ತರ ಬಂತು: "ಮುಲಗಾ ಖೂಪ್ ಹುಷಾರ್ ಆಹೆ. ಕಾಳಜಿ ನಸಾವಿ." ಹುಡುಗ ಬಹಳ ಜಾಣ, ಚಿಂತೆ ಬೇಡ ಎಂದು ಅವರು ಬರೆದಿದ್ದರು. ಹುಡುಗ ಪೂರ್ತಿ ಆರೋಗ್ಯವಾಗಿದ್ದಾನೆ ಎಂದು ನಾನು ಓದಿಕೊಂಡೆ.

ಆಮೇಲೆ ಮೂರು ಕಾರ್ಡು ಬಂದವು. ಮಾಸ್ತರರೇ ಹುಷಾರ್ ಎಂದಮೇಲೆ ಇವನು ಸುಳ್ಳು ಬರೆಯುತ್ತಿದ್ದಾನೆಂದು ಸಿಟ್ಟು ಮಾಡಿಕೊಂಡೆ. ಮೂರನ್ನೂ ನನಗೆ ಬೇಕಾದಂತೆ ಓದಿದೆ. ಕೊನೆಯದರಲ್ಲಿ ಅಕ್ಷರಗಳು ಸಾಲು ಬಿಟ್ಟು ಇಳಿದಿದ್ದವು. ಸೊಲ್ಲಾಪುರಕ್ಕೆ ಚಾದರ ತರಲು ಹೋದ ನಮ್ಮ ಓಣಿಯ ದೇವಕ್ಕ ಹುಡುಗನನ್ನು ಮಾತಾಡಿಸಿ ಬರೋಣವೆಂದು ಹೋಗಿ, ಅವನ ಸ್ಥಿತಿ ಕಂಡು, ಊರಿಗೆ ಮರಳಿ ಬಸ್ಸಿನಿಂದ ಇಳಿದವಳೇ ಓಡಿ ಬಂದು ಅಪ್ಪನನ್ನು ಕರೆದಳು. ಕಾಮಾಲೆ ಏರಿತ್ತು. ಅಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಬದುಕಿದ. ಆ ವರ್ಷ ಹೋಯಿತು, ಓದಿನ ಮೇಲಿನ ಮನಸ್ಸೂ ಹೋಯಿತು. ಹತ್ತನೆಯದಾದ ಮೇಲೆ ಐ.ಟಿ.ಐ., ಆಮೇಲೆ ಮುಂಬಯಿ. ಅಂದಿನಿಂದ ಇಂದಿನವರೆಗೆ ಅವನು ಯಾರಿಗೂ ಒಂದು ಪತ್ರ ಬರೆದದ್ದನ್ನು ನಾನು ಕಂಡಿಲ್ಲ.

ಅವನು ಎದ್ದು ಕೂತ ದಿನ ಕೇಳಿದ, "ನನ್ನ ಕಾರ್ಡ ಬರಲಿಲ್ಲೇನಕ್ಕಾ?" ಅಂತ. "ಒಂದೂ ಮುಟ್ಟಲಿಲ್ಲಪಾ" ಎಂದೆ.

ನನ್ನ ಶಾಲೆಯಿಂದ ಯಾವ ಮಗುವನ್ನೂ ಆಯ್ಕೆ ಪರೀಕ್ಷೆಗೆ ಕಳಿಸದೆ ಇರುವುದು ನಿಜ. ಅದರಿಂದ ಎಷ್ಟು ಮಕ್ಕಳಿಗೆ ನಷ್ಟವಾಗಿದೆಯೋ, ಅದೂ ನನ್ನ ಲೆಕ್ಕಕ್ಕೇ. ಇದನ್ನು ಅವನಿಗೆ ತೋರಿಸುವುದು, ಬಿಡುವುದು ನಿನಗೆ ಸೇರಿದ್ದು.

ದಾನೇಶ್ವರಿ


ಬೊರಿವಲಿ
22 ಜುಲೈ 2025

ಅಕ್ಕಾವರಿಗೆ ನಮಸ್ಕಾರ.

ತೋರಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಬರಲಿಲ್ಲ. ಕೆಲಸಕ್ಕೆ ಹೊರಟವರು ಬಿಲ್ಡಿಂಗಿನ ಕೆಳಗೆ ಪೋಸ್ಟ್‌ಮನ್ ಕೈಯಿಂದ ತಾವೇ ಈಸಿಕೊಂಡರಂತೆ. ಲೋಕಲ್ಲಿನಲ್ಲಿ ಒಡೆದು ಓದಿದ್ದಾರೆ. ಜೋಗೇಶ್ವರಿಯಲ್ಲಿ ಇಳಿಯಲಿಲ್ಲ.

ಹನ್ನೊಂದು ಗಂಟೆಗೆ ನಮ್ಮ ದವಾಖಾನೆಯ ಬಾಗಿಲು ತೆರೆದುಕೊಂಡು ಬಂದರು. ನನ್ನ ಜೊತೆ ಕೌಂಟರಿನಲ್ಲಿ ಕೂರುವ ಹುಡುಗಿ ಹಲ್ಲು ನೋವಿರಬೇಕು ಅಂದುಕೊಂಡು ಟೋಕನ್ ಕೊಟ್ಟಳು. ಅದನ್ನೂ ಹಿಡಿದುಕೊಂಡು ಪೇಶಂಟುಗಳ ಸಾಲಿನಲ್ಲಿ ಕೂತರು. ಪಕ್ಕಕ್ಕೆ ಹೋಗಿ ಏನಾಯಿತು ಅಂದೆ. ಪತ್ರ ನನ್ನ ಕೈಗಿಟ್ಟರು. ನಾನು ಓದಿ ಮುಗಿಸುವ ತನಕ ಕಾದು, "ನಾಕ ಕಾರ್ಡ ಬರದಿದ್ದೆ. ನಾಕೂ ಮುಟ್ಟ್ಯಾವ" ಅಂದರು. ಟೋಕನ್ ಜೇಬಿಗೆ ಹಾಕಿಕೊಂಡು, "ಪೋಸ್ಟಿಗೆ ಒಯ್ಯತಿದ್ದ ಶಾಲಿ ಸಿಪಾಯಿ ಹರದು ಒಗದಾನ ಅಂತ ಮೂವತ್ತೆರಡು ವರ್ಷ ಅವನ್ನ ಬೈದೀನಿ. ಪಾಪ" ಅಂದರು.

ಇವರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ನನಗೆ ಬಂದಿದೆ. ಹತ್ತು ವರ್ಷದ ಹುಡುಗ ಅಲ್ಲಿ ಕಾಯುತ್ತ ಮಲಗಿದ್ದ. ನೀವು ಅವನ ತಾಯಿಗೆ ಗಣಿತದ ನಂಬರ್ ಓದಿ ಹೇಳುತ್ತಿದ್ದಿರಿ. ಇದನ್ನು ಮರೆಯುವುದಕ್ಕೆ ನನಗೆ ಬಹಳ ದಿನ ಬೇಕು. ನಿಮ್ಮ ಬಗ್ಗೆ ನಾನು ಬರೆದ ಕೆಲವು ಮಾತುಗಳಿಗೆ ಕ್ಷಮೆ ಕೇಳಬೇಕು ಅನ್ನಿಸುತ್ತಿದೆ, ಅದೂ ನಿಜ. ಎರಡೂ ಒಟ್ಟಿಗೇ ಇವೆ, ಏನು ಮಾಡಲಿ?

ಮಧ್ಯಾಹ್ನ ಇವರು ಶಾಲೆಯ ಗೇಟಿನ ಎದುರು ನಿಂತು ಕಾದು ಶ್ರಾವ್ಯಾಳನ್ನು ಕರೆದುಕೊಂಡು ಬಂದರು. ಸಂಜೆ ಮೂವರೂ ಕೂತೆವು. ಎಲ್.ಸಿ. ತೆಗೆಸುವುದೋ ಬಿಡುವುದೋ ಅಂತ ನಾನು ಮತ್ತೆ ಕೇಳಿದೆ. ಮದುವೆಯಾದ ಮೇಲೆ ಇವರು ಒಟ್ಟಿಗೇ ಇಷ್ಟು ಮಾತಾಡಿದ್ದು ಇದೇ ಮೊದಲು. "ಇಕಿ ನಿನಗೊಂದು ಹೇಳ್ತಾಳ, ನನಗೊಂದು ಹೇಳ್ತಾಳ. ಖರೇದು ಯಾವುದಂತ ನಮಗಿಬ್ಬರಿಗೂ ಗೊತ್ತಾಗೂದಿಲ್ಲ. ಅಕ್ಕಗ ಪತ್ರ ಬರೀಲಿ. ನೀ ನೋಡೂದು ಬ್ಯಾಡ, ನಾ ನೋಡೂದು ಬ್ಯಾಡ. ತಾನ ಅಂಟಿಸಿ ತಾನ ಡಬ್ಬಿಗೆ ಹಾಕಲಿ. ಅಕ್ಕ ಅದನ್ನ ಓದಿ ಏನ ಬರದು ಕಳಸ್ತಾಳ, ಹಂಗ ಮಾಡೂಣು."

ನಾನು ಇವರ ಮುಖವನ್ನೇ ನೋಡಿದೆ. "ಎಲ್ಲಾ ಬಿಟ್ಟು ಅವರ ಕೈಯಾಗ ಕೊಡ್ತೀರಿ? ಅವರು ಮೊದಲಿಂದ ಬ್ಯಾಡ ಅಂದವರು. ಮತ್ತ ತಮಗ ಬೇಕಾದಂಗ ಓದಿದ್ರ?"

"ಈಗ ಓದ್ತಾಳ" ಅಂದರು. ಅಷ್ಟೇ.

ನನಗೆ ಅಷ್ಟು ನಂಬಿಕೆ ಇಲ್ಲ, ನೇರವಾಗಿ ಹೇಳುತ್ತೇನೆ. ಆದರೆ ಕಾರ್ಡು ಬರೆದವರು ಇವರು, ಆ ಮಾತು ಹೇಳುವ ಹಕ್ಕು ಇವರದು. ಶ್ರಾವ್ಯಾ ನಿನ್ನೆ ಬಾಗಿಲು ಹಾಕಿಕೊಂಡು ಕೂತು ಬರೆದಳು. ನಾವು ನೋಡಿಲ್ಲ. ಆಗಸ್ಟ್ ಹದಿನಾಲ್ಕು ದೂರ ಇಲ್ಲ.

ವೈಶಾಲಿ


ಇಂಡಿ
3 ಆಗಸ್ಟ್ 2025

ವೈಶಾಲಿಗೆ ಆಶೀರ್ವಾದ.

ಶ್ರಾವ್ಯಾಳ ಪತ್ರ ಬಂದು ಆರು ದಿನವಾಯಿತು. ಅವಳು ಬರೆದದ್ದನ್ನು ಕೆಳಗೆ ನಕಲು ಮಾಡಿದ್ದೇನೆ.

"ಅತ್ತಿ, ಹೆಂಗಿದ್ದಿ? ನಾ ಬರದಿದ್ದು ನೀ ಮನೀಗೆ ಬರದು ಕಳಸ್ತಿ ಅಂತ ಅಪ್ಪಾ ಹೇಳ್ಯಾರ. ಅದಕ್ಕ ಸಬ್ ಕುಛ್ ಬರೀತೀನಿ. ಮೊದಲನೇ ವೀಕ್ ಲಂಚಿಗೆ ಒಬ್ಬಾಕಿನ ಕೂತೆ. ಟಾಯ್ಲೆಟ್ಟಿನ್ಯಾಗ ಎರಡು ಸಲ ಅತ್ತೆ. ಇಂಗ್ಲಿಷ್ ಓದೂ ಮುಂದ ಒಬ್ಬವ ನಕ್ಕ. ಈಗ ಮಾಧುರಿ ನನ್ನ ಬಾಜು ಕೂಡ್ತಾಳ. ಅಕಿ ನನ್ನ ರೊಟ್ಟಿ ತಿಂತಾಳ, ನಾ ಅಕಿ ಇಡ್ಲಿ ತಿಂತೀನಿ. ಹಳೇ ಶಾಲ್ಯಾಗ ನಂದು ಲೆಕ್ಕ ಜಲ್ದಿ ಮುಗೀತಿತ್ತು. ಟೀಚರ್ ಸುಮ್ನ ಕೂಡು ಅಂತಿದ್ರು. ನಾ ಫ್ಯಾನ್ ಎಷ್ಟು ಸಲ ತಿರಗತೈತಿ ಅಂತ ಎಣಸ್ತಿದ್ದೆ. ಇಲ್ಲಿ ಮುಗದ ಮ್ಯಾಲೆ ಸರ್ 'ಇನ್ನೊಂದು ರೀತಿ ಮಾಡಾಕ ಬರ್ತೈತೇನು' ಅಂತ ಕೇಳ್ತಾರ. ನಂಗ ಒಮ್ಮೊಮ್ಮಿ ಬರೂದಿಲ್ಲ. ಬರದಿದ್ರ ಮಜಾ ಅನಸ್ತೈತಿ. ಟ್ರೇನಿನ್ಯಾಗ ಅದನ್ನ ಸೋಚ್ತೀನಿ, ಮಮ್ಮಿ ನಾ ಬೇಜಾರಾಗೀನಿ ಅಂತ ತಿಳಕೋತಾಳ. ನಾ ಇಂಗ್ಲಿಷ್‌ನ್ಯಾಗ ಲಾಸ್ಟ್ ಅದೀನಿ, ಗಣಿತದಾಗ ಐದನೇದಾಕಿ. ನೀ ನನ್ನ ಇಂಡಿಗೆ ಕರದಿ ಅಂತ ಮಮ್ಮಿ ಹೇಳಿದ್ಲು. ನಾ ಬರೂದಿಲ್ಲ. ನಿನ್ನ ಶಾಲಿ ನಂಗ ಬ್ಯಾಡ. ನನಗ ಇದ ಶಾಲಿ ಬೇಕು. ಅಪ್ಪಾಗ ಹೇಳು, ದಿನಾ ಕಣ್ಣು ನೋಡಬ್ಯಾಡ, ಶನಿವಾರ ಒಂದಿನ ನೋಡಿದ್ರ ಸಾಕು. ನಿನ್ನ ಶ್ರಾವ್ಯಾ."

ಇದು ನನಗೆ ಬೇಕಾಗಿದ್ದ ಪತ್ರವಲ್ಲ. ಬಿಡಿಸಿ ಎಂದು ಅವಳು ಬರೆಯುತ್ತಾಳೆ, ನಾನು ಅದನ್ನು ಬರೆದ ಹಾಗೆಯೇ ನಿಮಗೆ ತಿಳಿಸುತ್ತೇನೆ, ನನ್ನ ಹಳೆಯ ತಪ್ಪು ಅಲ್ಲಿಗೆ ಸರಿಯಾಗುತ್ತದೆ ಎಂದುಕೊಂಡು ಕಾದಿದ್ದೆ. ಆರು ದಿನ ತಡವಾದದ್ದು ಏಕೆಂದು ಹೇಳಿಬಿಡುತ್ತೇನೆ. ಎರಡು ಸಲ ಅತ್ತೆ ಎಂದು ಬರೆದಿದ್ದಾಳಲ್ಲ, ಒಬ್ಬನು ನಕ್ಕ ಎಂದು ಬರೆದಿದ್ದಾಳಲ್ಲ, ಅಲ್ಲಿಯವರೆಗೆ ಮಾತ್ರ ನಕಲು ಮಾಡಿದ್ದರೆ ಸಾಕಿತ್ತು. ಒಂದು ಸುಳ್ಳನ್ನೂ ಸೇರಿಸಬೇಕಾಗಿರಲಿಲ್ಲ. ನೀವು ಮರುದಿನವೇ ಬಿಡಿಸುತ್ತಿದ್ದಿರಿ. ಮೊನ್ನೆ ಹಾಗೆ ಬರೆದೂ ಬರೆದೆ. ಲಕೋಟೆಯ ಮೇಲೆ ವಿಳಾಸವನ್ನೂ ಹಾಕಿದೆ. ಐವತ್ತನಾಲ್ಕು ವರ್ಷದವಳು, ಇಷ್ಟೆಲ್ಲ ಆದಮೇಲೂ, ಮತ್ತೆ ಅದೇ ಕೆಲಸ. ನನ್ನ ಮೇಲೆ ನನಗೇ ಅಸಹ್ಯವಾಗಿ ಹರಿದು ಒಲೆಗೆ ಹಾಕಿದೆ.

ಎಲ್.ಸಿ. ತೆಗೆಸಿರಿ. ಹದಿನಾಲ್ಕರವರೆಗೆ ಕಾಯಬೇಡಿರಿ.

ಮಗುವಿನ ಪತ್ರವನ್ನೂ ಇದರ ಜೊತೆಗೆ ಇಟ್ಟಿದ್ದೇನೆ. ಶಿವಪುತ್ರನಿಗೆ ನೀನು ಓದಿ ಹೇಳಬೇಡ. ಎರಡನ್ನೂ ಅವನ ಕೈಗೆ ಕೊಡು. ಅವಳದನ್ನೂ ನನ್ನ ನಕಲನ್ನೂ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ, ಅವನೇ ತಾಳೆ ನೋಡಲಿ.

ದಾನೇಶ್ವರಿ